ಹರಿದುದನ್ನು ಹೊಲಿಯುವುದೂ ಸತ್ಕರ್ಮವೇ

ಆಸ್ತಿಯ ಪಾಲು, ಮದುವೆಯ ಖರ್ಚು, ಅತ್ತೆ-ಸೊಸೆಯರ ಅಸಮಾಧಾನ. ಇಂತಹ ಕಾರಣಗಳಿಗಾಗಿ ಒಂದೇ ತಾಯಿಯ ಮಕ್ಕಳು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಸಹೋದರನೊಂದಿಗೆ ಮೂರು ದಿನಗಳಿಗಿಂತ ಹೆಚ್ಚು ಕಾಲ ಮಾತು ಬಿಡುವುದು ಸಮ್ಮತವಲ್ಲವೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿರುವುದು ನಮಗೆ ತಿಳಿಯದ ಸಂಗತಿಯಲ್ಲ. ಆದರೆ ಕುದಿಯುವ ಮನಸ್ಸು ತಣಿಯದೆ ನಾಲಿಗೆ ಸಲಾಮ್ ಹೇಳಲು ಒಪ್ಪುವುದಿಲ್ಲ.

ಮನಸ್ಸನ್ನು ತಣಿಸುವ ಸರಳ ಸಾಧನವೊಂದು ನಮ್ಮ ಮನೆಗಳಲ್ಲೇ ಇತ್ತು. ಅದು ಕೈಹೊಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಇಂದಿಗೂ ಕೌದಿ ಹೊಲಿಯುತ್ತಾರೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸುತ್ತಾ ಅಂಚಿನಿಂದ ಆರಂಭಿಸಿ, ಸುತ್ತುತ್ತಾ, ನಡುವಿಗೆ ತಲುಪುತ್ತಾರೆ. ಮೂಲೆಗಳಿಗೆ ‘ಫುಲ’ ಎಂಬ ಮಡಿಸಿದ ಬಟ್ಟೆಯ ತುಣುಕನ್ನಿಟ್ಟಾಗಲೇ ಕೌದಿ ಪೂರ್ಣವಾಗುತ್ತದೆ. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಸಡಿಲ ಬಿಟ್ಟರೆ ಹೊಲಿಗೆ ನಿಲ್ಲುವುದಿಲ್ಲ. ಸಂಬಂಧಗಳ ಹದವೂ ಇದೇ ಅಲ್ಲವೇ? ಇಬ್ಬರು ಎದುರು ಬದುರು ಕುಳಿತು ಒಂದೇ ಬಟ್ಟೆಯನ್ನು ಹೊಲಿಯುವಾಗ ದೃಷ್ಟಿ ಸೂಜಿಯ ಮೇಲಿರುತ್ತದೆ. ಮುಖ ನೋಡಿ ಆಡಲಾಗದ ಮಾತು ಆಗ ಮೆಲ್ಲನೆ ಹೊರಬರುತ್ತದೆ.

ಇದು ಹೆಂಗಸರ ಕೆಲಸವೆಂದು ಪುರುಷರು ದೂರ ಸರಿಯಬೇಕಾಗಿಲ್ಲ. ಪ್ರವಾದಿ(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿಯುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಪತಿ-ಪತ್ನಿಯರನ್ನು ಪರಸ್ಪರರ ಉಡುಪು ಎಂದು ಪವಿತ್ರ ಕುರ್‌ಆನ್ ಬಣ್ಣಿಸಿದೆ. ಉಡುಪು ಹರಿದಾಗ ವಿವೇಕಿಯು ಮೊದಲು ಸೂಜಿಯನ್ನು ಹುಡುಕುತ್ತಾನೆಯೇ ಹೊರತು ಕಸದ ಬುಟ್ಟಿಯನ್ನಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಹೊಲಿಗೆ ನೆಮ್ಮದಿ ನೀಡಬಲ್ಲದು, ನ್ಯಾಯಕ್ಕೆ ಬದಲಿಯಾಗಲಾರದು. ಸಹೋದರಿಯ ಪಾಲನ್ನು ಕಸಿದುಕೊಂಡು ಅಥವಾ ಸೊಸೆಯನ್ನು ಹಿಂಸಿಸಿ, ಬಳಿಕ ಅವರಿಗೆ ಸಬ್ರ್ ಉಪದೇಶಿಸುವುದು ಧರ್ಮವಲ್ಲ. ಗಾಯವನ್ನು ಶುಚಿಗೊಳಿಸದೆ ಹೊಲಿದರೆ ಒಳಗೇ ಕೀವುಗಟ್ಟುತ್ತದೆ. ದಂಪತಿಗಳ ನಡುವೆ ಬಿರುಕು ಕಂಡಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಅನ್ನಿಸಾ ಅಧ್ಯಾಯದ 35ನೇ ಸೂಕ್ತವು ನಿರ್ದೇಶಿಸಿರುವುದು, ಇಬ್ಬರ ಅಹವಾಲಿಗೂ ಕಿವಿಗೊಡಬೇಕೆಂಬುದನ್ನು ನಮಗೆ ಕಲಿಸುತ್ತದೆ.

ಆದ್ದರಿಂದ ಮೊದಲು ಹಕ್ಕನ್ನು ಹಿಂದಿರುಗಿಸೋಣ, ಅನಂತರ ಮನಸ್ಸುಗಳನ್ನು ಜೋಡಿಸೋಣ. ಸಂಬಂಧ ಕಡಿದುಕೊಂಡವರೊಡನೆಯೂ ಸಂಬಂಧ ಬೆಸೆಯುವವನೇ ನಿಜವಾಗಿ ಬಂಧುತ್ವ ಉಳಿಸುವವನು ಎಂಬ ಪ್ರವಾದಿ ಬೋಧನೆಯಂತೆ, ಮೊದಲ ಹೊಲಿಗೆಯನ್ನು ನಾವೇ ಹಾಕೋಣ.