ಗಣಕಯಂತ್ರಕ್ಕೂ ಕಾವಲು ಬೇಕು

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಗಳು ಶಾಲೆಗೆ ಗಣಕಯಂತ್ರಗಳನ್ನು ನೀಡಲು ಮುಂದಾಗಿರುವುದು ಸ್ತುತ್ಯರ್ಹ. ಆದರೆ ಯಂತ್ರದೊಡನೆ ಅದರ ಕಾವಲನ್ನೂ ನೀಡಬೇಕೆಂಬುದು ನನ್ನ ಅಭಿಪ್ರಾಯ.

1986ರ 'ಬ್ರೈನ್' ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ನಿಧಾನವಾಗಿ ಹರಡಿತು. 2017ರ ಮೇ ತಿಂಗಳ 'ವಾನಾಕ್ರೈ'ಯಾದರೋ ಜಾಲದ ಮೂಲಕ ತಾನಾಗಿಯೇ ಹಬ್ಬಿ, ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಕೇರಳದ ಕೆಲವು ಪಂಚಾಯತು ಕಚೇರಿಗಳನ್ನೂ ಬಿಡಲಿಲ್ಲ. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಒದಗಿಸಿತ್ತು, ಅಳವಡಿಸಿಕೊಳ್ಳದವರು ಕಷ್ಟಕ್ಕೀಡಾದರು.

ಮನೆಯ ಒಂದು ಯಂತ್ರಕ್ಕೆ ಬಿಡಿ ಆಂಟಿವೈರಸ್ ಸಾಕು. ಜಾಲದಲ್ಲಿ ಬೆಸೆದ ಹತ್ತು ಯಂತ್ರಗಳಿಗೆ ಅದು ಸಾಲದು. ಹೊಸ ವೈರಸ್‌ಗಳ ಗುರುತನ್ನು ಒಂದೆಡೆಯಿಂದಲೇ ಎಲ್ಲಕ್ಕೂ ಕಳುಹಿಸುವ, ಪೆನ್‌ಡ್ರೈವ್ ಪರೀಕ್ಷಿಸುವ, ಪಾಸ್‌ವರ್ಡ್ ಇಲ್ಲದೆ ನಿಲ್ಲಿಸಲಾಗದ, ಸೋಂಕು ತಗಲಿದ ಯಂತ್ರವನ್ನು ಜಾಲದಿಂದ ಬೇರ್ಪಡಿಸುವ ವ್ಯವಸ್ಥೆ ಬೇಕು. ಜೊತೆಗೆ ದಾಖಲೆಗಳ ನಕಲೊಂದನ್ನು ಯಂತ್ರಕ್ಕೆ ಜೋಡಿಸದೆ ಬೇರೆಡೆ ಕಾಪಾಡಬೇಕು.

ಕಾಸರಗೋಡಿನಂತಹ ಗಡಿನಾಡಿನಲ್ಲಿ, ಈ ಮಗು ಕನ್ನಡದಲ್ಲಿ ಕಲಿತದ್ದೆಂದು ಸಾಕ್ಷಿ ನುಡಿಯುವುದು ಶಾಲೆಯ ದಾಖಲೆಗಳೇ. ಅವು ನಷ್ಟವಾದರೆ ಹೊಸ ಯಂತ್ರ ಕೊಂಡು ಪಡೆಯಲಾಗದು. ಆದುದರಿಂದ ಹತ್ತು ಯಂತ್ರ ಕೊಡುವ ಮಹನೀಯರು ಒಂಬತ್ತನ್ನೇ ಕೊಟ್ಟು, ಉಳಿದ ಹಣವನ್ನು ವರ್ಷಂಪ್ರತಿ ಪರವಾನಗಿಯ ನವೀಕರಣಕ್ಕೆ ಮೀಸಲಿಡಲಿ.