ಡಬಲ್ ಶಾಕಪ್ ಸೈಕಲ್‌ಗೆ ಅಪ್ಪನ ದುಡ್ಡು ಸುರಿಬೇಡಿ

1/8
ಫೋಟೋದಲ್ಲಿರೋದು ನನ್ನ ಮೊದಲನೇ ಗೇರ್ ಸೈಕಲ್. ಮುಂದೊಂದು ಶಾಕಪ್, ಸೀಟಿನ ಕೆಳಗೆ ಇನ್ನೊಂದು, ಎರಡೂ ಚಕ್ರಕ್ಕೆ ಡಿಸ್ಕ್, 21 ಗೇರ್, ಫ್ರೇಮ್ ಮೇಲೆ ಹಸಿರು ಮಿಂಚಿನ ಸ್ಟಿಕ್ಕರ್. ಬೆಲೆ 13,500. ಫಸ್ಟ್ ಪಿಯುಸಿ ಮುಗಿಸಿದ ವಾರ ಅಪ್ಪ ಚೀಟಿ ಎತ್ತಿ ಕೊಡಿಸಿದ್ದು. ಈಗ ಮನೆ ಹಿಂದೆ ನೀರಿನ ಡ್ರಮ್ಮಿಗೆ ಒರಗಿಕೊಂಡು ನಿಂತಿದೆ. ಅಮ್ಮ ಅದರ ಹ್ಯಾಂಡಲ್ ಮೇಲೆ ನೆಲ ಒರೆಸೋ ಬಟ್ಟೆ ಒಣಗಿಸ್ತಾರೆ. ಅಷ್ಟಕ್ಕೆ ಮಾತ್ರ ಚೆನ್ನಾಗಿದೆ.

ಈ ವಾರ ನಮ್ಮ ಕ್ಲಾಸಿನ ಮೂವರು ಮೆಸೇಜ್ ಮಾಡಿದ್ರು: "ಮಗಾ, 20 ಸಾವಿರದೊಳಗೆ ಯಾವ ಎಂಟಿಬಿ ತಗೊಳ್ಲಿ?" ಮೂವರೂ ಕಳಿಸಿದ ಫೋಟೋ ಒಂದೇ ಜಾತಿ. ಡಬಲ್ ಶಾಕಪ್, ಮಿಂಚಿನ ಸ್ಟಿಕ್ಕರ್. ಅದಕ್ಕೇ ಈ ಸರಣಿ. ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. 20 ಸಾವಿರ ಕಳ್ಕೊಳ್ಳೋದಕ್ಕಿಂತ ಹತ್ತು ನಿಮಿಷ ಕಳ್ಕೊಳ್ಳೋದು ಅಗ್ಗ.

2/8
ಮೊದಲು ನನ್ನ ಕಥೆ. ಚಾಮುಂಡಿ ಬೆಟ್ಟ ಹತ್ತೋಕೆ ಹೋದೆ. ಅರ್ಧ ಹತ್ತಿದೆ, ಅರ್ಧ ತಳ್ಳಿದೆ. ಪೆಡಲ್ ತುಳಿದಾಗೆಲ್ಲ ಸೈಕಲ್ ಮುಂದಕ್ಕೆ ಹೋಗೋದಕ್ಕಿಂತ ಮೇಲೆ ಕೆಳಗೆ ಕುಣೀತಿತ್ತು. ನಮ್ಮ ಕಾಲಿನ ಶಕ್ತಿ ಸ್ಪ್ರಿಂಗ್ ಒತ್ತೋಕೆ ಖರ್ಚಾಗ್ತಿತ್ತು.

ಇಳಿಯುವಾಗ ಇನ್ನೊಂದು ಪಾಠ. ನಂದಿ ದಾಟಿ ಸ್ವಲ್ಪ ಕೆಳಗೆ ಬ್ರೇಕ್ ಹಿಡಿದೆ, ಲಿವರ್ ನೇರ ಹ್ಯಾಂಡಲ್‌ಗೇ ಬಂದು ತಾಗಿತು. ಇನ್ನೊಂದು ಬ್ರೇಕೂ ಹೆಚ್ಚುಕಡಿಮೆ ಹಂಗೇ. ಎದುರಿಗೆ ಬಸ್ ಹತ್ತುತ್ತಿತ್ತು. ಚಪ್ಪಲಿ ನೆಲಕ್ಕೆ ಉಜ್ಜಿ, ಕೊನೆಗೆ ಬೇಲಿಗಿಡದೊಳಗೆ ನುಗ್ಗಿ ನಿಂತೆ. ಮೊಣಕೈಗೆ ಏಳು ಹೊಲಿಗೆ. ಬಸ್ಸಿನ ಡ್ರೈವರ್ ಬೈದದ್ದನ್ನ ಇಲ್ಲಿ ಬರೆಯಕ್ಕಾಗಲ್ಲ.

ಏನಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ಅಗ್ಗದ ಕೇಬಲ್ ಡಿಸ್ಕ್ ಬ್ರೇಕಲ್ಲಿ ಸಾಮಾನ್ಯವಾಗಿ ಒಂದು ಕಡೆ ಪ್ಯಾಡ್ ಮಾತ್ರ ಚಲಿಸತ್ತೆ, ಇನ್ನೊಂದು ನಿಂತಲ್ಲೇ ಇರತ್ತೆ. ಸವೆದ ಹಾಗೆ ಅದನ್ನ ಕೈಯಲ್ಲಿ ತಿರುಗಿಸಿ ಹತ್ತಿರ ತರಬೇಕು. ಇದನ್ನ ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ತಪ್ಪೂ ಇದೆ, ಒಪ್ತೀನಿ. ಆದರೆ "ಡಬಲ್ ಡಿಸ್ಕ್, ಟಾಪ್ ಸೇಫ್ಟಿ" ಅಂತ ಮಾರಿದ್ದು ನಾನಲ್ಲ.

3/8
ಈಗ ಜಗಳಕ್ಕೆ ಬರೋಣ. "ಬೆಟ್ಟ ಗುಡ್ಡಕ್ಕೆ ಶಾಕಪ್ ಬೇಕೇ ಬೇಕಲ್ವಾ?" ಅಂತೀರ.

1976ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ಗುಡ್ಡದ ಮಣ್ಣುದಾರಿಲಿ ರೇಸ್ ಶುರು ಮಾಡಿದ್ರು. ಅದರ ಹೆಸರು ರೀಪ್ಯಾಕ್. ಮೌಂಟನ್ ಬೈಕಿನ ಇತಿಹಾಸ ಬರೆಯೋರೆಲ್ಲ ಆ ರೇಸಿನ ಹೆಸರು ಹೇಳದೆ ಮುಂದೆ ಹೋಗಲ್ಲ. ಅವರ ಹತ್ತಿರ ಇದ್ದದ್ದು ದಪ್ಪ ಟೈರಿನ ಹಳೇ ಸೈಕಲ್. ಶಾಕಪ್ ಸೊನ್ನೆ. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯೋ ಬ್ರೇಕ್. ಒಂದು ಸಲ ಇಳಿದರೆ ಹಬ್ಬಿನೊಳಗಿನ ಗ್ರೀಸ್ ಬಿಸಿಗೆ ಸುಟ್ಟು ಹೋಗ್ತಿತ್ತು, ಮತ್ತೆ ತುಂಬಬೇಕಿತ್ತು. ರೀಪ್ಯಾಕ್ ಅನ್ನೋ ಹೆಸರು ಬಂದದ್ದೇ ಅದರಿಂದ. ಶಾಕಪ್ ಫೋರ್ಕ್ ಬಳಕೆಗೆ ಬಂದದ್ದು ಅದಾಗಿ ಹತ್ತು ವರ್ಷಕ್ಕೂ ಹೆಚ್ಚು ಕಳೆದ ಮೇಲೆ.

ಶಾಕಪ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಳ್ಳೇ ಶಾಕಪ್‌ನಲ್ಲಿ ಸ್ಪ್ರಿಂಗ್ ಜೊತೆ ಡ್ಯಾಂಪರ್ ಇರತ್ತೆ. ಸ್ಪ್ರಿಂಗ್ ಪೆಟ್ಟು ತಿನ್ನತ್ತೆ, ಡ್ಯಾಂಪರ್ ಅದು ವಾಪಸ್ ಚಿಮ್ಮದ ಹಾಗೆ ತಡೆಯತ್ತೆ. 13 ಸಾವಿರದ ಸೈಕಲ್ಲಿನ ಹಿಂದಿನ ಶಾಕಪ್ ಬರೀ ಸ್ಪ್ರಿಂಗು. ಅದು ನಾಲ್ಕು ತಿಂಗಳಿಗೆ ಕಿರ್ರ್ ಅನ್ನತ್ತೆ, ಅದರ ಜಾಯಿಂಟ್ ಸಡಿಲ ಆಗಿ ಹಿಂದಿನ ಚಕ್ರ ಅಲ್ಲಾಡತ್ತೆ. ಅದರ ಭಾರ ಮಾತ್ರ ನೀವು ದಿನಾ ಹೊರ್ತೀರ. ಹಿಂದೆ ಶಾಕಪ್ ಇಲ್ಲದ, ಮುಂದೆ ಮಾತ್ರ ಇರೋದಕ್ಕೇ ಹಾರ್ಡ್‌ಟೇಲ್ ಅನ್ನೋದು. ನಮ್ಮ ಬಜೆಟ್ಟಿಗೆ ಇರೋದು ಅದೊಂದೇ ದಾರಿ.

4/8
"21 ಗೇರ್ ಇದೆ ಮಗಾ!" ಲೆಕ್ಕ ಹಾಕಿ, ಕ್ಲಾಸಲ್ಲಿ ಹೆಂಗೂ ಹಾಕಲ್ಲ.

21 ಅಂದ್ರೆ ಮುಂದೆ 3, ಹಿಂದೆ 7. ಮುಂದಿನ ಹಲ್ಲು 24, 34, 42, ಹಿಂದೆ 14ರಿಂದ 28 ಅಂತಿಟ್ಕೊಳ್ಳಿ. ಅತಿ ಹಗುರ ಗೇರ್ 24 ಭಾಗಿಸು 28, ಅಂದ್ರೆ 0.86. ಅತಿ ಭಾರದ್ದು 42 ಭಾಗಿಸು 14, ಅಂದ್ರೆ 3.0.

ಈಗ ಮುಂದೆ ಒಂದೇ ಒಂದು 32 ಹಲ್ಲಿನ ಚಕ್ರ, ಹಿಂದೆ 11ರಿಂದ 34ರ 8 ಗೇರ್ ಇರೋ ಸೈಕಲ್ ತಗೊಳ್ಳಿ. ಹಗುರದ್ದು 0.94, ಭಾರದ್ದು 2.9. ನೋಡಿದ್ರಾ? 8 ಗೇರ್ ಸೈಕಲ್ 21ರ ಸೈಕಲ್ ಮಾಡೋ ಕೆಲಸ ಹತ್ತಿರ ಹತ್ತಿರ ಪೂರ್ತಿ ಮಾಡತ್ತೆ. 21ರಲ್ಲಿ ಅರ್ಧಕ್ಕರ್ಧ ಗೇರ್ ಒಂದರ ಮೇಲೊಂದು ಬಿದ್ದಿರೋವೇ. ಮುಂದಿನ ಶಿಫ್ಟರ್ ಇಲ್ಲ, ಮುಂದಿನ ಡಿರೇಲರ್ ಇಲ್ಲ, ಒಂದು ಕೇಬಲ್ ಕಮ್ಮಿ, ಚೈನ್ ಬೀಳೋ ಜಾಗ ಒಂದು ಕಮ್ಮಿ. ಗೇರ್ ಎಣಿಸಿ ಸೈಕಲ್ ತಗೊಳ್ಳೋದು, ಪುಟ ಎಣಿಸಿ ಮಾರ್ಕ್ಸ್ ಕೊಟ್ಟ ಹಾಗೆ.

5/8
ಇನ್ನೊಂದು ಕಡೆಯವರಿಗೂ ಬೈಬೇಕು, ಇಲ್ಲಾಂದ್ರೆ ನ್ಯಾಯ ಅಲ್ಲ.

ಲೈಕ್ರಾ ಹಾಕ್ಕೊಂಡು ಭಾನುವಾರ ಬೆಳಿಗ್ಗೆ ಟೀ ಅಂಗಡಿ ಹತ್ರ ನಿಲ್ಲೋ ಅಣ್ಣಂದಿರು ಹೇಳೋ ಮಾತು: "50 ಸಾವಿರ ಇಲ್ಲದಿದ್ರೆ ಎಂಟಿಬಿ ತಗೋಬೇಡ, ವೇಸ್ಟು." ಅಣ್ಣಾ, ನಿಮ್ಮ ಶೂ ಬೆಲೆಗೆ ನಮ್ಮ ಮನೆ ತಿಂಗಳ ರೇಷನ್ ಬರತ್ತೆ. ನೀವು ಹೇಳಿದ್ದು ಕೇಳಿ ಹುಡುಗರು ಸೈಕಲ್ ಆಸೆ ಬಿಟ್ಟು ಅಪ್ಪನ ಸ್ಕೂಟರ್ ಕೀ ಕದೀತಾರೆ, ಅಷ್ಟೇ. ಅಂಗಡಿಯವರು ಹೊಳಪು ತೋರಿಸಿ ಮೋಸ ಮಾಡ್ತಾರೆ, ನೀವು ಬೆಲೆ ತೋರಿಸಿ ಹೆದರಿಸ್ತೀರ. ಇಬ್ಬರೂ ಸೇರಿ ನಮ್ಮನ್ನ ರೋಡಿಂದ ಆಚೆ ಇಡ್ತಿದ್ದೀರ.

ನಾವೇನು ಬಂಡೆ ಮೇಲಿಂದ ಹಾರಲ್ಲ. ಕೆರೆ ಏರಿ, ತೋಟದ ದಾರಿ, ಬಡಾವಣೆ ಆಚೆಗಿನ ಜಲ್ಲಿ ರೋಡು, ದಿನಾ ಕಾಲೇಜು. ಇಷ್ಟಕ್ಕೆ ಸಾದಾ ಹಾರ್ಡ್‌ಟೇಲ್ ಧಾರಾಳ ಸಾಕು.

6/8
ಹಾಗಾದ್ರೆ ಏನು ನೋಡಬೇಕು? ಈ ಕ್ರಮದಲ್ಲೇ ನೋಡಿ.

ಒಂದು, ಸೈಜ್. ಫ್ರೇಮಿನ ಮೇಲಿನ ಪೈಪಿಗೆ ಕಾಲು ಅಡ್ಡ ಹಾಕಿ ಎರಡೂ ಪಾದ ನೆಲಕ್ಕಿಟ್ಟು ನಿಲ್ಲಿ. ಪೈಪಿಗೂ ನಿಮಗೂ ನಡುವೆ ಕನಿಷ್ಠ ಎರಡು ಇಂಚು ಜಾಗ ಇರಬೇಕು. "ಬೆಳೆಯೋ ಹುಡುಗ, ದೊಡ್ಡದೇ ಇರ್ಲಿ" ಅಂತ ಅಪ್ಪ ಅಂದ್ರೆ ಒಪ್ಪಬೇಡಿ. ಇದು ಯೂನಿಫಾರ್ಮ್ ಪ್ಯಾಂಟ್ ಅಲ್ಲ, ಮಡಚಿ ಹೊಲಿಸೋಕೆ.

ಎರಡು, ಬ್ರೇಕ್. ಎಣ್ಣೆ ತುಂಬಿದ ಹೈಡ್ರಾಲಿಕ್ ಡಿಸ್ಕ್ ಬಜೆಟ್ಟಿನೊಳಗೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, ಒಂದು ಬೆರಳಿಗೆ ನಿಲ್ಲತ್ತೆ. ಸಿಗಲಿಲ್ವಾ? ಹೆಸರಿಲ್ಲದ ಕೇಬಲ್ ಡಿಸ್ಕಿಗಿಂತ ಒಳ್ಳೇ ವಿ-ಬ್ರೇಕ್ ವಾಸಿ. ಕೆಸರಲ್ಲಿ ಪ್ಯಾಡ್ ಬೇಗ ಸವೆಯತ್ತೆ ನಿಜ, ಆದ್ರೆ ಅದು ಸವೆದದ್ದು ಕಣ್ಣಿಗೆ ಕಾಣತ್ತೆ, ನೀವೇ ಬದಲಾಯಿಸಬಹುದು.

ಮೂರು, ಹಿಂದಿನ ಹಬ್. "ಅಣ್ಣಾ, ಇದು ಫ್ರೀವೀಲಾ, ಕ್ಯಾಸೆಟ್ಟಾ?" ಅಂತ ಕೇಳಿ. ಹಳೇ ಥರದ ಫ್ರೀವೀಲಲ್ಲಿ ಬಲಗಡೆ ಬೇರಿಂಗ್ ಒಳಗಡೆ ಇರತ್ತೆ, ಆಕ್ಸಲ್ಲಿನ ತುದಿಗೆ ಆಸರೆ ಇರಲ್ಲ. ಹಂಪ್ ಹಾರಿಸಿದ್ರೆ ಬಾಗತ್ತೆ. ಕ್ಯಾಸೆಟ್ ಹಬ್ಬಲ್ಲಿ ಬೇರಿಂಗ್ ತುದಿ ಹತ್ರ ಇರತ್ತೆ, ಗಟ್ಟಿ. ಕೇಳಿದ ತಕ್ಷಣ ಅಂಗಡಿಯವರು ನಿಮ್ಮನ್ನ ನೋಡೋ ರೀತಿನೇ ಬದಲಾಗತ್ತೆ, ನೋಡಿ ಬೇಕಾದ್ರೆ.

ನಾಲ್ಕು, ಗೇರ್ ಸೆಟ್. ಹಿಂದಿನ ಡಿರೇಲರ್ ಮೇಲೆ ಶಿಮಾನೋ ಅಂತಿದ್ರೆ ಇಡೀ ಸೈಕಲ್ ಶಿಮಾನೋ ಅಲ್ಲ. ಶಿಫ್ಟರ್, ಕ್ರ್ಯಾಂಕ್, ಹಬ್ ಯಾವುದು ಅಂತ ಒಂದೊಂದೇ ಕೇಳಿ. ಟೂರ್ನಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಅದರ ಮೇಲೆ ಆಲ್ಟಸ್. ಟೂರ್ನಿ ಇದ್ರೂ ಪರವಾಗಿಲ್ಲ, ಸರಿಯಾಗಿ ಟ್ಯೂನ್ ಮಾಡಿದ್ರೆ ಕೆಲಸ ಮಾಡತ್ತೆ.

ಬಣ್ಣ, ಸ್ಟಿಕ್ಕರ್? ಅದು ಹತ್ತನೇದು.

7/8
20 ಸಾವಿರ ಇದ್ರೆ 20 ಸಾವಿರದ ಸೈಕಲ್ ತಗೋಬೇಡಿ. 3 ಸಾವಿರ ಪಕ್ಕಕ್ಕಿಡಿ. ಹೆಲ್ಮೆಟ್, ಬೀಗ, ಪಂಪು, ಒಂದು ಸ್ಪೇರ್ ಟ್ಯೂಬ್, ಅಲನ್ ಕೀ ಸೆಟ್. ಹೆಲ್ಮೆಟ್ "ಮುಂದಿನ ತಿಂಗಳು" ಅನ್ನೋರು ನನ್ನ ಮೊಣಕೈ ಫೋಟೋ ಇನ್ನೊಂದು ಸಲ ನೋಡಿ. ಅದು ತಲೆ ಆಗಿದ್ರೆ ಈ ಕ್ಯಾಪ್ಶನ್ ಇರ್ತಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಅಂದ್ರೆ ಮೂಗು ಮುರೀಬೇಡಿ. ನನ್ನ ಈಗಿನ ಸೈಕಲ್ ಅದೇ, 11 ಸಾವಿರ. ಹೋಗುವಾಗ ಜಾಮಿಟ್ರಿ ಬಾಕ್ಸಿನ ದೊಡ್ಡಣ್ಣ, 12 ಇಂಚಿನ ಸ್ಕೇಲು, ಹಿಡ್ಕೊಂಡು ಹೋಗಿ. ಚೈನಿನ ಒಂದು ಪಿನ್ನಿಗೆ ಸೊನ್ನೆ ಇಟ್ಟು ಅಳೆಯಿರಿ. ಹೊಸ ಚೈನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ ಬರತ್ತೆ. ಆ ಪಿನ್ ಎಂಟನೇ ಒಂದು ಇಂಚು ಆಚೆ ಹೋಗಿದ್ರೆ ಚೈನ್ ಜೊತೆ ಹಲ್ಲಿನ ಚಕ್ರವೂ ಸವೆದಿದೆ ಅಂತ ಅರ್ಥ, ಬೆಲೆ ಇಳಿಸಿ ಅನ್ನಿ. ಪೈಪ್ ವೆಲ್ಡ್ ಆಗಿರೋ ಕಡೆ ಬೆರಳಾಡಿಸಿ ಬಿರುಕು ನೋಡಿ. ಬಿರುಕು ಇದ್ರೆ ಚೌಕಾಸಿ ಬೇಡ, ವಾಪಸ್ ಬನ್ನಿ.

ಇನ್ನೊಂದು ಗುಟ್ಟು, ಪುಕ್ಕಟೆ. ನಿಮ್ಮ ನಿಜವಾದ ಶಾಕಪ್ ಟೈರು. ಪಂಚರ್ ಅಂಗಡಿಲಿ ಕಲ್ಲಿನ ಹಾಗೆ ಗಾಳಿ ತುಂಬಿಸಬೇಡಿ. ಎರಡಿಂಚು ಅಗಲದ ಟೈರಿಗೆ, 60 ಕೇಜಿ ಆಸುಪಾಸಿನವರಿಗೆ, ಮಣ್ಣುದಾರಿಲಿ 30 ಪಿಎಸ್‌ಐ ಅಕ್ಕಪಕ್ಕ ಸಾಕು. ತೀರಾ ಕಮ್ಮಿ ಮಾಡಿದ್ರೆ ಕಲ್ಲಿಗೆ ಟ್ಯೂಬ್ ಕಚ್ಚಿಕೊಂಡು ಪಂಚರ್ ಆಗತ್ತೆ, ಹುಷಾರು.

8/8
ನಾನಿದನ್ನ ಬರೆದಿದ್ದು ಸೈಕಲ್ ಬಗ್ಗೆ ಗೊತ್ತು ಅಂತ ತೋರಿಸ್ಕೊಳ್ಳೋಕಲ್ಲ. ಅವತ್ತು ಹೊಲಿಗೆ ಹಾಕಿಸ್ಕೊಂಡು ಮನೆಗೆ ಬಂದಾಗ ಅಪ್ಪ ನನಗೆ ಒಂದು ಮಾತೂ ಬೈಲಿಲ್ಲ. ಸೈಕಲ್ ಸುತ್ತ ಒಂದು ರೌಂಡ್ ಬಂದು, "ನಾನೇ ಸರಿಯಾಗಿ ನೋಡಿ ತಗೋಬೇಕಿತ್ತು ಕಣೋ" ಅಂದ್ರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಆ ಚೀಟಿ ಮುಗಿಯೋಕೆ ಇನ್ನೂ ಎಂಟು ಕಂತು ಬಾಕಿ ಇತ್ತು. ಸೈಕಲ್ ಮೂಲೆಗೆ ಬಿದ್ದ ಮೇಲೂ ಅವರು ಪ್ರತಿ ತಿಂಗಳು ಕಟ್ಟಿದ್ರು.

ನಿಮ್ಮಪ್ಪಂಗೆ ಆ ಮಾತು ಹೇಳೋ ಹಾಗೆ ಮಾಡಬೇಡಿ. ಅಂಗಡಿಗೆ ಹೋಗೋ ಮುಂಚೆ 6ನೇ ಭಾಗ ಸೇವ್ ಮಾಡ್ಕೊಳ್ಳಿ. ಮೈಸೂರಲ್ಲಿರೋರು ಡಿಎಂ ಮಾಡಿ, ಶನಿವಾರ ಕಾಲೇಜ್ ಬಿಟ್ಟ ಮೇಲೆ ನಾನೇ ಜೊತೆಗೆ ಬರ್ತೀನಿ, ಸ್ಕೇಲ್ ನಂದೇ. ಡಬಲ್ ಶಾಕಪ್ ಇಟ್ಕೊಂಡು ಬೆಟ್ಟ ಹತ್ತಿದೀನಿ ಅನ್ನೋರು ಕಾಮೆಂಟಲ್ಲಿ ಬೈರಿ, ಬೇಡ ಅನ್ನಲ್ಲ. ಬ್ರೇಕ್ ಪ್ಯಾಡ್ ಮಾತ್ರ ನೋಡ್ಕೊಂಡು ಇಳೀರಿ.

#ಹಾರ್ಡ್‌ಟೇಲ್ #ಸೈಕಲ್‌ಕನ್ನಡ #ಚಾಮುಂಡಿಬೆಟ್ಟ #ಅಪ್ಪನದುಡ್ಡು