ಔಷಧಿ ನಮ್ಮಲ್ಲೇ ತಯಾರು, ರಿಪೋರ್ಟಿಗೆ ಮಾತ್ರ ಅಲೆದಾಟ

ಮಾನ್ಯ ಆರೋಗ್ಯ ಸಚಿವರಿಗೆ,

ನನ್ನ ಅತ್ತಿಗೆಗೆ ಸ್ತನ ಕ್ಯಾನ್ಸರ್. ಬಯಾಪ್ಸಿ ರಿಪೋರ್ಟಿನ ಕೊನೆಯಲ್ಲಿ ‘ಹರ್-2: 2+, ಫಿಶ್ ಪರೀಕ್ಷೆ ಮಾಡಿಸಿ’ ಎಂದಿದೆ. ಆ ಒಂದು ಸಾಲು ನಮ್ಮನ್ನು ಬೆಂಗಳೂರಿಗೂ ಊರಿಗೂ ಓಡಾಡಿಸುತ್ತಿದೆ.

ಹರ್-2 ಎಂದರೆ ಜೀವಕೋಶದ ಹೊರಮೈಯಲ್ಲಿರುವ ಪ್ರೋಟೀನು. ‘ಬೆಳೆ’ ಎಂಬ ಸೂಚನೆಯನ್ನು ಒಳಗೆ ಮುಟ್ಟಿಸುವುದು ಅದರ ಕೆಲಸ. ಸ್ತನ ಕ್ಯಾನ್ಸರ್ ಬಂದ ನೂರರಲ್ಲಿ ಸುಮಾರು 15–20 ಮಂದಿಯ ಗೆಡ್ಡೆಯಲ್ಲಿ ಇದು ವಿಪರೀತ ಇರುತ್ತದೆ. ಹೊರಮೈಯಲ್ಲೇ ಇರುವುದರಿಂದ ರಕ್ತದಲ್ಲಿ ಬರುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧಿಯ ಕೈಗೂ ಅದು ಸಿಗುತ್ತದೆ. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 1998ರಲ್ಲಿ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿಯೇ ಅದರ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ ಔಷಧಿ, ಮಾರುಕಟ್ಟೆಗೆ ತಂದಿತು. ಹರ್-2 ಹೆಚ್ಚಿಲ್ಲದವರಿಗೆ ಈ ಔಷಧಿ ಸಾಮಾನ್ಯವಾಗಿ ಕೊಡುವುದಿಲ್ಲ. ಖರ್ಚು ದಂಡ, ಮೇಲೆ ಹೃದಯಕ್ಕೆ ಅಪಾಯ. ಹಾಗಾಗಿ ಪರೀಕ್ಷೆ ಹೇಳಿದ್ದೇ ಕೊನೆಯ ಮಾತು.

ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ 0, 1+ ಬಂದರೆ ಇಲ್ಲ, 3+ ಬಂದರೆ ಹೌದು. 2+ ಬಂದವರಿಗೆ ಹರ್-2 ಜೀನ್ ಎಷ್ಟಿದೆಯೆಂದು ಎಣಿಸುವ ಫಿಶ್ ಬೇಕು. ಅದು ನಮ್ಮ ಜಿಲ್ಲೆಯಲ್ಲಿಲ್ಲ. ತೆರೆಯಿರಿ ಎಂದು ನಾನು ಕೇಳುತ್ತಲೂ ಇಲ್ಲ. ಆ ಪರೀಕ್ಷೆಯ ತಜ್ಞರನ್ನು ಊರೂರಿಗೆ ತರುವುದು ಆಗದ ಮಾತು. ಆದರೆ ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನು ಮನೆಯವರೇ ಬ್ಯಾಗಿನಲ್ಲಿಟ್ಟುಕೊಂಡು ರಾತ್ರಿ ಬಸ್ಸು ಹತ್ತಬೇಕೇ? ಇಲ್ಲಿನ ಲ್ಯಾಬಿನವರು ಆ ಬ್ಲಾಕನ್ನೂ ‘ನಾಳೆ ಬನ್ನಿ’ ಎಂದು ಸತಾಯಿಸಿ ಕೊಟ್ಟರು. ಬೆಂಗಳೂರಿನಲ್ಲಿ ನೋಡಿದವರು, ತುಣುಕನ್ನು ಸರಿಯಾಗಿ ಕಾಪಾಡಿಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದರು. ತೆಗೆದ ತುಣುಕು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ನಮ್ಮ ಡಬ್ಬಿಯ ಮೇಲೆ ಹೆಸರು ಬಿಟ್ಟರೆ ಯಾವ ಸಮಯವೂ ಬರೆದಿರಲಿಲ್ಲ. ಈಗ ಅತ್ತಿಗೆಗೆ ಮತ್ತೆ ಸೂಜಿ.

2024ರ ಕೇಂದ್ರ ಬಜೆಟ್ಟು ಹರ್-2ಕ್ಕೇ ಗುರಿಯಿಡುವ ಇನ್ನೊಂದು ಔಷಧಿಯ ಆಮದು ಸುಂಕ ತೆಗೆಯಿತು. ಸಂತೋಷವೇ. ಪರೀಕ್ಷೆಯ ದಾರಿಯನ್ನು ಮಾತ್ರ ಯಾರೂ ನೋಡಿದಂತಿಲ್ಲ.

ಪ್ರತಿ ಬಯಾಪ್ಸಿ ಡಬ್ಬಿಯ ಮೇಲೆ ತುಣುಕು ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಬರೆಯುವುದನ್ನು ಕಡ್ಡಾಯ ಮಾಡಿ. ಯಂತ್ರದ ಉದ್ಘಾಟನೆಗೆ ರಿಬ್ಬನ್ ಬೇಕು, ಇದಕ್ಕೆ ಮಾರ್ಕರ್ ಪೆನ್ ಸಾಕು. ಕೇಳಿದ ಎರಡು ದಿನದೊಳಗೆ ಬ್ಲಾಕ್ ಕೊಡಬೇಕೆಂದು ಖಾಸಗಿ ಲ್ಯಾಬುಗಳಿಗೂ ಆದೇಶಿಸಿ. 2+ ಬಂದವರ ಬ್ಲಾಕ್ ಜಿಲ್ಲಾಸ್ಪತ್ರೆಯಿಂದಲೇ ಸರ್ಕಾರಿ ಖರ್ಚಿನಲ್ಲಿ ಫಿಶ್ ಇರುವ ಕೇಂದ್ರಕ್ಕೆ ಹೋಗಲಿ, ರಿಪೋರ್ಟು ಅಲ್ಲಿಂದ ನೇರ ಡಾಕ್ಟರ ಕೈಗೆ ಬರಲಿ.

ಇಂತಿ,
ರೋಗಿಯೊಬ್ಬರ ಮೈದುನ